ಊರಿನ ಪ್ರತಿನಿಧಿ

"ಸ್ವಲ್ಪ ತಾಳು ಲೆವಿ," ಎಂದು ಹಲ್ಡಾ ಗಂಡನ ಶವಪೆಟ್ಟಿಗೆಯ ಮೇಲೆ ಕೈಯಿಟ್ಟು ತಡೆದಳು.

ಪೆಟ್ಟಿಗೆಯ ಒಂದು ಬದಿಗೆ ಲೆವಿ ಮತ್ತು ಅವನ ಪಂಥದ ಹೊಳೆಯಾಚೆಯ ಬ್ಯಾಪ್ಟಿಸ್ಟರು ಬಗ್ಗಿ ನಿಂತಿದ್ದರು. ಇನ್ನೊಂದು ಬದಿ ಖಾಲಿ. ಊರಿನ ದೊಡ್ಡ ಚರ್ಚಿನವರು ಬೇಲಿಯ ಪಕ್ಕ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಮುಂದೆ ಅವಳ ಗಂಡ ಅಸಾಹೆಲನ ಅಣ್ಣ, ಜೋಥಮ್. ಅವನು ಹೆಜ್ಜೆಯಿಟ್ಟರೆ ಉಳಿದವರೂ ಇಡುತ್ತಾರೆ.

"ಎರಡೂ ಕಡೆ ನಾವೇ ಹೊರ್ತೀವಿ ಅಕ್ಕ. ಜನ ಇದ್ದೀವಿ," ಎಂದ ಲೆವಿ.

"ಹೊರ್ತೀರ, ಗೊತ್ತು. ಹಾಗೆ ಹೋದ್ರೆ ನಮ್ಮನೆಯವರು ನಿಮ್ಮವರು ಮಾತ್ರ ಆಗ್ಬಿಡ್ತಾರೆ. ಅವರು ಊರಿನವರು."

*

ಬಹಳ ವರ್ಷಗಳ ಹಿಂದೆ ಅಸಾಹೆಲನನ್ನು ಅಮೆರಿಕದ ನ್ಯೂ ಹ್ಯಾಂಪ್‌ಷೈರಿನ ಶಾಸನಸಭೆಗೆ ಕಳಿಸುವಾಗ ಊರು ಒಂದು ಮಾತು ಹೇಳಿತ್ತು: ದೊಡ್ಡ ಚರ್ಚಿನ ಪಾದ್ರಿಯ ಸಂಬಳಕ್ಕೆ ಎಲ್ಲ ಪಂಥದವರೂ ಕೊಡುವ ತೆರಿಗೆಯನ್ನು ತೆಗೆಯಗೊಡಬಾರದು. ತಿರುಗಿ ಬಂದವನು ಒಲೆಯ ಮುಂದೆ ಕುಳಿತು ಬೂಟು ಕಳಚುತ್ತಿದ್ದ.

"ಕೈ ಎತ್ತಿದ್ದು ಯಾವ ಕಡೆಗೆ?" ಎಂದಳು ಹಲ್ಡಾ.

"ತೆರಿಗೆ ತೆಗೀಬೇಕು ಅನ್ನೋ ಕಡೆಗೆ."

"ಊರು ಬೇಡ ಅಂದಿತ್ತಲ್ಲ."

"ಹೊಳೆ ಆಚೆ ಇರೋದೂ ಊರೇ ಅಲ್ವೇನೆ? ಲೆವಿ ತಾನು ಕಾಲಿಡದ ಚರ್ಚಿಗೆ ತೆರಿಗೆ ಕಟ್ಟಲಿಲ್ಲ ಅಂತ ಅವನ ಹಸು ಹೊಡ್ಕೊಂಡು ಹೋದ್ರು."

ಕಾನೂನು ಬದಲಾಯಿತು. ಊರು ಅಸಾಹೆಲನನ್ನು ಮತ್ತೆ ಕಳಿಸಲಿಲ್ಲ. ಮರುವರ್ಷದ ಊರಸಭೆಯಲ್ಲಿ ಜೋಥಮ್ ಎದ್ದು, ತಮ್ಮನನ್ನು ಬೀಡಾಡಿ ಹಂದಿ ಹಿಡಿಯುವ ಹುದ್ದೆಗೆ ಆರಿಸೋಣ ಎಂದ. ಹೊಸದಾಗಿ ಮದುವೆಯಾದ ಹುಡುಗರಿಗೆ ತಮಾಷೆಗೆ ಕಟ್ಟುವ ಹುದ್ದೆ ಅದು. ಸಭೆ ಬಿದ್ದು ಬಿದ್ದು ನಕ್ಕಿತು. ಅಸಾಹೆಲ್ ಎದ್ದು ನಿಂತು ಗಂಭೀರವಾಗಿ ಪ್ರಮಾಣ ಸ್ವೀಕರಿಸಿದ.

ಆಮೇಲೆ ಪ್ರತಿ ವರ್ಷವೂ ಅವನನ್ನೇ ಆರಿಸಿದರು. ಅವನೂ ಕಂಡವರ ಹೊಲಕ್ಕೆ ನುಗ್ಗಿದ ಹಂದಿಗಳನ್ನು ಅಟ್ಟಿಕೊಂಡು ಬಂದು ಅವುಗಳ ಒಡೆಯರ ಅಂಗಳಕ್ಕೆ ಬಿಡುತ್ತಿದ್ದ. ಹೆಚ್ಚಿನವು ಜೋಥಮನವೇ. ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ.

*

ಹಲ್ಡಾ ಅಂಗಳ ದಾಟಿ ಬೇಲಿಯ ಬಳಿಗೆ ಹೋದಳು.

"ಭಾವ, ಒಂದು ಕಡೆ ಖಾಲಿ ಇದೆ."

"ಅವನು ಊರಿನ ಮಾತು ಮೀರಿದ."

"ಮೀರಿದ್ರು. ಊರು ಕೊಟ್ಟ ಕೆಲಸ ಮಾತ್ರ ಯಾವತ್ತೂ ಬಿಡಲಿಲ್ಲ."

ಜೋಥಮ್ ಟೋಪಿಯ ಅಂಚನ್ನು ತಿರುವುತ್ತ ನಿಂತ. "ಮೊನ್ನೆ ಮೊನ್ನೆ ನಮ್ಮ ಹಂದೀನ ತಂದು ಬಿಟ್ಟ. ಕೆಮ್ಮುತ್ತಾ ಇದ್ದ. ಒಳಗೆ ಬಾರೋ ಅನ್ನೋಕೆ ನಂಗೆ ಬಾಯೇ ಬರಲಿಲ್ಲ."

"ಕರೆದಿದ್ರೆ ಬರ್ತಿದ್ರು ಭಾವ," ಎಂದಳು ಹಲ್ಡಾ. "ಹಂದಿ ಸಮೇತ."

ಮುದುಕನ ಗಂಟಲಿನಿಂದ ಹೊರಟದ್ದು ನಗುವೋ ಅಳುವೋ ತಿಳಿಯಲಿಲ್ಲ. ಟೋಪಿಯನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿ, ನಡೆದು ಹೋಗಿ ಲೆವಿಯ ಎದುರಿಗೆ ಹೆಗಲು ಕೊಟ್ಟ. ಅವನ ಹಿಂದೆ ಬೇಲಿಯ ಬಳಿಯಿದ್ದವರು ಒಬ್ಬೊಬ್ಬರಾಗಿ ಬಂದರು.

ಲೆವಿ ಬಲು ಎತ್ತರದ ಆಳು, ಜೋಥಮ್ ಗಿಡ್ಡ. ಎತ್ತಿದ ಕೂಡಲೇ ಪೆಟ್ಟಿಗೆ ಒಂದು ಕಡೆಗೆ ವಾಲಿತು. ಸಮಾಧಿಯ ದಿಬ್ಬ ಹತ್ತುವವರೆಗೂ ಲೆವಿ ಮೊಣಕಾಲು ಬಗ್ಗಿಸಿಕೊಂಡೇ ನಡೆದ.