ಎದುರುಬದುರಾದ ಎಲೆಗಳು

ನವೆಂಬರಿನ ಸಂತ ಮಾರ್ಟಿನ್ನನ ಹಬ್ಬ ಕಳೆದ ಮೇಲೆ ಇಗರ್ಜಿಯ ಗೋಡೆ ಕಟ್ಟುವವರು ತಮ್ಮ ತಮ್ಮ ಊರಿಗೆ ಹೋದರು. ಅರ್ಧ ಎದ್ದ ಗೋಡೆಗಳ ನೆತ್ತಿಗೆ ಹಿಮ ತಾಗದಂತೆ ಹುಲ್ಲು, ಸಗಣಿ ಹೊದಿಸಿದ್ದಾಗಿತ್ತು. ಚಳಿಗಾಲದಲ್ಲಿ ಕೆಲಸ ಉಳಿಯುವುದು ಚಪ್ಪರದೊಳಗೆ ಕಂಬಗಳ ತಲೆಯ ಮೇಲೆ ಕೂರುವ ಬೋದಿಗೆ ಕಲ್ಲುಗಳಿಗೆ ಎಲೆ ಕೆತ್ತುವವರಿಗೆ ಮಾತ್ರ. ಹೋದ ವರ್ಷ ಅಂಥವರು ಇಬ್ಬರಿದ್ದರು, ಹ್ಯಾಮೊ ಮತ್ತು ಆಸ್‌ಬರ್ನ್. ಈ ಸಲ ಹಬ್ಬಕ್ಕೆ ಮೊದಲೇ ಕಲ್ಲುಧೂಳಿನ ಕೆಮ್ಮು ಆಸ್‌ಬರ್ನನನ್ನು ತಿಂದು ಮುಗಿಸಿತ್ತು.

ಒಂದೇ ಕಲ್ಲಿನ ಆಚೆಗೊಬ್ಬ ಈಚೆಗೊಬ್ಬ ನಿಂತು ಕೆತ್ತುವುದು ಅವರ ರೂಢಿ. ದಪ್ಪ ದಂಟು ನೆಟ್ಟಗೆ ಏರಿ, ತುದಿಯ ಎಲೆಗಳು ಗಾಳಿ ಬೀಸಿದಂತೆ ಬಲಕ್ಕೆ ಸುರುಳಿಯಾಗಬೇಕು. ಯಾವ ಗಿಡದ್ದಪ್ಪಾ ಎಂದು ಯಾತ್ರಿಕರು ಕೇಳಿದರೆ ಆಸ್‌ಬರ್ನ್, "ನಮ್ಮತ್ತೆ ಹಿತ್ತಲಿಂದು. ಅವಳು ಬಾಯಿ ತೆಗೆದ್ರೆ ಹಿಂಗೇ ಒಂದ್ ಕಡೆಗೆ ವಾಲ್ತದೆ" ಎನ್ನುತ್ತಿದ್ದ.

ಅವನು ತನ್ನ ಪಾಲಿನ ಅರ್ಧ ಮುಗಿಸಿಟ್ಟುಹೋದ ಬೋದಿಗೆಯೊಂದು ಉಳಿದಿತ್ತು. ಉಳಿದರ್ಧ ಹ್ಯಾಮೊನದು. ಆಸ್‌ಬರ್ನ್ ಕೆತ್ತಿದ ಕಡೆ ಕಣ್ಣಿಗೆ ಬೀಳದಿರಲೆಂದು ಅವನು ಅದರ ಮೇಲೆ ಗೋಣಿ ಹೊದಿಸಿ, ಈಚೆ ಬದಿಯಲ್ಲಿ ಉಳಿ ಹಿಡಿದ. ಮಧ್ಯಾಹ್ನ ಒಬ್ಬನೇ ಬಟಾಣಿ ಗಂಜಿ ಕುಡಿದ. ಹಾಗೆಯೇ ವಾರಗಳು ಹೋದವು.

ಕೆಲಸ ಮುಗಿದು ಗೋಣಿ ತೆಗೆದ ದಿನ ಕೈಯಲ್ಲಿದ್ದ ಕೊಡತಿ ಕೆಳಗಿಟ್ಟ. ಎಲೆಗಳ ಅಡಿಭಾಗ ಕೊರೆಯಲು ಆಸ್‌ಬರ್ನ್ ಕಲ್ಲನ್ನು ತಲೆಕೆಳಗು ಮಾಡಿದ್ದ. ಅದು ಹಾಗೆಯೇ ಇತ್ತು. ತಲೆಕೆಳಗಾದ ಕಲ್ಲಿನಲ್ಲಿ ಎಲೆಯನ್ನು ಎಡಕ್ಕೆ ತಿರುಗಿಸಿದರೆ ಮಾತ್ರ ಅದು ನೆಟ್ಟಗಾದಾಗ ಬಲಕ್ಕೆ ವಾಲುತ್ತದೆ. ಹ್ಯಾಮೊ ದಂಟನ್ನು ಸರಿಯಾಗಿ ಕೆಳಮುಖವಾಗಿಯೇ ಕೆತ್ತಿ, ತುದಿಯ ಎಲೆಗಳನ್ನು ಮಾತ್ರ ರೂಢಿಯಂತೆ ಬಲಕ್ಕೇ ತಿರುಗಿಸಿದ್ದ. ಹಿಂದೆಲ್ಲ ಕಲ್ಲು ತಿರುಗಿಸಿದಾಗ ಆಚೆಯಿಂದ ಒಂದು ದನಿ ಬರುತ್ತಿತ್ತು: "ತಲೆ ಕೆಳಗೈತೆ ಕಣೋ, ಮರೀಬೇಡ." ಇದಕ್ಕೆ ಹ್ಯಾಮೊ ಎಷ್ಟೋ ಸಲ ರೇಗಿದ್ದೂ ಉಂಟು.

ಮೇಸ್ತ್ರಿ ಥರ್‌ಸ್ಟನ್ ಬಂದು, ಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಸುತ್ತು ಹಾಕಿದ.

"ಇದೇನೋ ಇದು, ಒಂದು ಅಂಚಲ್ಲಿ ಎಲೆಗಳು ಹಾಯ್ದಾಡ್ತವೆ, ಇನ್ನೊಂದು ಅಂಚಲ್ಲಿ ಬೆನ್ನು ತಿರುಗ್ಸಿ ಕೂತವೆ. ಗಂಡ ಹೆಂಡ್ತಿ ಸಂಸಾರವಾ?"

ಹ್ಯಾಮೊ ನಗಲಿಲ್ಲ. "ತಪ್ಪು ನಂದು, ಮೇಸ್ತ್ರಿ."

"ಗೊತ್ತು. ಕಡಿದ ಕಲ್ಲನ್ನ ಅಂಟಿಸೋಕಾಗಲ್ಲ. ಪೂರಾ ಎಲೆ ತೆಗೆದು ಬೋಳು ಮಾಡು. ಇಲ್ದಿದ್ರೆ ಗೋಡೆ ಹೊಟ್ಟೆಗೆ ತುಂಬ್ಸೋಣ."

"ಅವನು ಕೆತ್ತಿದ ಕೊನೇ ಎಲೆ ಮೇಸ್ತ್ರಿ ಇವು."

ಥರ್‌ಸ್ಟನ್ ಗಡ್ಡ ಕೆರೆದುಕೊಂಡ. "ಹಂಗಂತ ಕಂಬದ ಮೇಲೆ ಜಗಳ ಕೂರ್ಸಕ್ಕಾಗುತ್ತಾ?"

"ನನ್ನರ್ಧ ಕಡಿದುಬಿಡ್ತೀನಿ. ಉತ್ತರದ ಗೋಡೆಗೆ ಅಂಟಿಕೊಂಡ ಕಂಬ ಐತಲ್ಲ, ಅದರ ಮೇಲೆ ಕೂರ್ಸಿ. ಬೋಳು ಕಡೆ ಗಾರೆಯೊಳಕ್ಕೆ ಹೋಗ್ಲಿ."

"ಚಳಿಗಾಲ ಪೂರ್ತಿ ಕೆತ್ತಿದ್ಯಲ್ಲಯ್ಯಾ. ನಿಂದು ಅಂತ ಒಂದೆಲೆಯೂ ಉಳಿಯಲ್ಲ."

"ಹೂಂ."

ಮೇಸ್ತ್ರಿ ಆಸ್‌ಬರ್ನನ ಎಲೆಗಳ ಮೇಲೆ ಕೈಯಾಡಿಸಿದ. "ಹಿಂಭಾಗ ಸಮತಟ್ಟಾಗಿರ್ಲಿ" ಎಂದು ಹೇಳಿ ಹೊರಟ.

ಹ್ಯಾಮೊ ತನ್ನ ಎಲೆಗಳನ್ನು ತಾನೇ ಕಡಿದ. ಎದುರಿನ ಅರ್ಧ ಅದುರದಿರಲೆಂದು ಅಲ್ಲಿಗೆ ಹುಲ್ಲಿನ ಕಟ್ಟು ಒತ್ತಿಟ್ಟು, ಸಣ್ಣ ಸಣ್ಣ ಏಟು ಹಾಕಿದ. ಕೆತ್ತಲು ಹಿಡಿದಷ್ಟು ದಿನ ಕಡಿಯಲು ಹಿಡಿಯಲಿಲ್ಲ. ವಸಂತದಲ್ಲಿ ಹಿಂದಿರುಗಿದವರು ಆ ಬೋದಿಗೆಯನ್ನು ಹಗ್ಗದಲ್ಲಿ ಎತ್ತಿ ಗೋಡೆಗೆ ಒತ್ತಿ ಕೂರಿಸಿದರು. ಕೆಳಗಿನಿಂದ ನೋಡಿದರೆ ಆಸ್‌ಬರ್ನನ ಎಲೆಗಳು ಬಲಕ್ಕೆ ವಾಲಿ, ಗೋಡೆಯೊಳಗೆ ಹೋಗಿ ಮರೆಯಾಗುತ್ತಿದ್ದವು.

ಮುಂದಿನ ಕಲ್ಲು ಚಪ್ಪರಕ್ಕೆ ಬಂತು. ಹ್ಯಾಮೊ ಅದನ್ನು ತಲೆಕೆಳಗು ಮಾಡಿ, ಆಚೆ ಬದಿಗೆ ಹೋಗಿ ನಿಂತ.

"ತಲೆ ಕೆಳಗೈತೆ ಕಣೋ" ಎಂದು ಜೋರಾಗಿ ಹೇಳಿದ. ಆಮೇಲೆ ಈಚೆ ಬಂದು ಉಳಿ ಎತ್ತಿಕೊಂಡ.