ಮಕ್ಕಳ ಶೆಡ್ಡಿಗೆ ಬಂದ ನೆಂಟರು

ಬೋಳೂರಿನ ಹೊಳೆಬದಿಯ ಹೆಂಚಿನ ಕಾರ್ಖಾನೆಯಲ್ಲಿ ಊರೂರಿನ ಮನೆಗಳ ಮಾಡಿಗೆ ಹೊದಿಸುವ ಹೆಂಚು ತಯಾರಾಗುತ್ತಿತ್ತು. ಅಲ್ಲಿ ದುಡಿಯುವ ಹೆಂಗಸರ ಮಕ್ಕಳಿರುತ್ತಿದ್ದ ಶೆಡ್ಡಿಗೆ ಮಾತ್ರ ತೆಂಗಿನ ಗರಿಯ ಮಾಡು. ಇದರಲ್ಲಿ ಏನೋ ವಿಚಿತ್ರವಿದೆ ಎಂದು ಮಾಲಿಕರಿಗೆ ಎಂದೂ ಅನ್ನಿಸಲಿಲ್ಲ. ಅನ್ನಿಸಿದ್ದರೆ ಅವರು ಮಾಲಿಕರೇ ಆಗುತ್ತಿರಲಿಲ್ಲ.

ಆ ಶೆಡ್ಡಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು ಕಿನ್ನಿ, ಒಬ್ಬಳೇ. ತೊಟ್ಟಿಲಿನವು, ತೆವಳುವವು, ಓಡುವವು ಸೇರಿ ಇಪ್ಪತ್ತರ ಮೇಲೆ. ಒಂದರ ಮೂಗು ಒರೆಸುವಷ್ಟರಲ್ಲಿ ಇನ್ನೊಂದು ಬಾಗಿಲು ದಾಟುತ್ತಿತ್ತು. ಹೆಂಚು ಹೊರುವ ಜಯಳ ಮಗಳು ಮುದ್ದು ಒಂದು ದಿನ ಹಾಗೆ ದಾಟಿ ಆವೆಮಣ್ಣಿನ ಹೊಂಡಕ್ಕೆ ಬಿದ್ದಳು. ಕಾಲು ಹಿಡಿದು ಎಳೆದಾಗ ಬಾಯಿ ತುಂಬ ಕೆಸರು. ಮಗು ಬದುಕಿತು. ಅಂದಿನಿಂದ ಹೆಂಚು ಹೊರುವಾಗಲೂ ಜಯಳ ಕಣ್ಣು ಹೊಂಡದ ಕಡೆಗೇ. ಕಿನ್ನಿಗೆ ಜೊತೆಗೊಬ್ಬಳನ್ನು ಕೊಡಿ ಎಂದು ಅವಳು ಕಾರ್ಖಾನೆಯ ಲೆಕ್ಕ ಬರೆಯುವ ರೈಟರ್ ಮೋಹನದಾಸರ ಬೆನ್ನು ಹಿಡಿದಳು. ಕಾಟ ತಾಳಲಾರದೆ ಅವರು ಬಡಮಕ್ಕಳ ಯೋಗಕ್ಷೇಮ ನೋಡುವ ಬಲ್ಮಠದ ಹೆಂಗಸರ ಸಮಿತಿಗೆ ಹೇಳಿದರು. ಸಮಿತಿಯವರು ಬಂದು ನೋಡಿ ಅಗತ್ಯವಿದೆ ಎಂದರೆ ಮಾಲಿಕರು ಇನ್ನೊಬ್ಬಳನ್ನು ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು.

ಬಂದವರ ಕಣ್ಣಿಗೆ ನಿಜವಾದ ಪಾಡು ಬೀಳಬೇಕು, ಬೇಕಾದದ್ದು ಇಷ್ಟೇ. ಸುಮ್ಮನಿದ್ದರೆ ಸಾಕಿತ್ತು. ಆದರೆ ನಮ್ಮ ಜನಕ್ಕೆ ಸುಮ್ಮನಿರುವ ವಿದ್ಯೆ ಒಲಿದಿಲ್ಲ. ಮನೆಗೆ ಯಾರೋ ಬರುತ್ತಾರೆಂದರೆ ಹರಿದ ಚಾಪೆ ಅಡಗಿಸಿ ಪಕ್ಕದ ಮನೆಯ ಚಾಪೆ ತಂದು ಹಾಸುವವರು ನಾವು. ಹೊಟ್ಟೆ ಖಾಲಿಯಿದ್ದರೂ ಊಟವಾಯಿತೆಂದು ತೇಗುವವರು.

"ಸಮಿತಿಯ ಬಾಯಮ್ಮ ಬರುವಾಗ ನಿನ್ನ ಮಗು ಮಣ್ಣಲ್ಲಿ ಹೊರಳುವುದು ಬೇಡ ಮಾರಾಯ್ತಿ," ಎಂದಳು ಕಿನ್ನಿ ಜಯಳಿಗೆ. "ನನ್ನ ಮರ್ಯಾದೆ ಎಂತ ಆಗ್ತದೆ?"

ತನ್ನದೊಂದು ಇಲ್ಲದಿದ್ದರೇನು, ಉಳಿದವು ಇರುತ್ತವಲ್ಲ ಎಂದುಕೊಂಡು ಜಯ ಬೆಳಿಗ್ಗೆಯೇ ಮುದ್ದುವನ್ನು ನೆರೆಮನೆಯ ಐಸಮ್ಮನ ಬಳಿ ಬಿಟ್ಟು ಬಂದಳು. ಉಳಿದ ತಾಯಂದಿರೂ ಹಾಗೆಯೇ ಎಂದುಕೊಂಡಿದ್ದರು. ಒಬ್ಬಳು ಅತ್ತೆಯ ಬಳಿ ಬಿಟ್ಟಳು, ಇನ್ನೊಬ್ಬಳು ತಂಗಿಯ ಬಳಿ. ಶೆಡ್ಡಿನಲ್ಲಿ ಉಳಿದವು ಐದಾರು ಹಸುಗೂಸುಗಳು. ಅವೂ ಎಣ್ಣೆನೀರು ಹಾಕಿಸಿಕೊಂಡು, ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟುಕೊಂಡು ಗಾಢ ನಿದ್ದೆಯಲ್ಲಿದ್ದವು. ನೆಲಕ್ಕೆ ಸೆಗಣಿ ಸಾರಿಸಿತ್ತು.

ಸಮಿತಿಯ ಎವ್ಲಿನ್ ಬಾಯಮ್ಮ ಕೊಡೆ ಮಡಚಿ ಒಳಗೆ ಬಂದರು. ಮೂಗಿಗೆ ಒತ್ತಿ ಹಿಡಿಯಲೆಂದು ತಂದಿದ್ದ ಕರವಸ್ತ್ರಕ್ಕೆ ಕೆಲಸವಿಲ್ಲದೆ ಅವರಿಗೆ ತುಸು ನಿರಾಸೆಯಾದಂತಿತ್ತು. ಕಿನ್ನಿ ತಟ್ಟೆಯಲ್ಲಿ ಬೆಲ್ಲ, ಚೆಂಬಿನಲ್ಲಿ ನೀರು ತಂದಿಟ್ಟಳು.

"ಒಬ್ಬಳಿಗೇ ಕಷ್ಟವಾಗುವುದಿಲ್ಲವೆ?" ಎಂದು ಬಾಯಮ್ಮ ಕೇಳಿದರು.

ಮನೆಗೆ ಬಂದವರೆದುರು ಕಷ್ಟ ಹೇಳಿಕೊಳ್ಳುವುದೇ? ಕಿನ್ನಿ ಸೆರಗು ಸರಿಮಾಡಿಕೊಂಡಳು. "ಎಂತ ಕಷ್ಟ ಇಲ್ಲ ಬಾಯಮ್ಮ. ಮಕ್ಕಳು ದೇವರ ಹಾಗೆ. ನೀವು ಬೆಲ್ಲ ತೆಕ್ಕೊಳ್ಳಿ."

ಹೊರಗಿದ್ದ ಜಯಳಿಗೆ ಇದು ಕೇಳಿಸಿತು. ತಲೆಯ ಮೇಲಿನ ಹೆಂಚು ಇಳಿಸಿ ಬಾಗಿಲಿಗೇ ಬಂದು ನಿಂತಳು. "ಮಕ್ಕಳು ಇನ್ನೂ ಉಂಟು, ಬಾಯಮ್ಮ. ತುಂಬ ಉಂಟು."

"ಎಲ್ಲಿದ್ದಾರೆ?"

"ಇವತ್ತು ಮನೆಯಲ್ಲಿ ಬಿಟ್ಟು ಬಂದದ್ದು."

"ನೋಡಿಕೊಳ್ಳುವವರು ಮನೆಯಲ್ಲೇ ಇದ್ದಾರಲ್ಲ, ಬಹಳ ಸಂತೋಷ," ಎಂದರು ಬಾಯಮ್ಮ. ಮುದ್ದು ಹೊಂಡಕ್ಕೆ ಬಿದ್ದ ಕಥೆಯನ್ನು ಜಯ ತೊದಲುತ್ತಾ ಶುರುಮಾಡುವಷ್ಟರಲ್ಲಿ ಅವರು ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಜಟಕಾ ಹತ್ತಿದ್ದರು. ಮಕ್ಕಳ ಉದ್ಧಾರಕ್ಕೆ ಅವರಿಗೆ ಅಷ್ಟೇ ಹೊತ್ತು ಸಾಕಾಗಿತ್ತು.

ವಾರ ಕಳೆದು ಮೋಹನದಾಸರು ಶೆಡ್ಡಿಗೆ ಬಂದು ಸಮಿತಿಯ ಅಭಿಪ್ರಾಯ ತಿಳಿಸಿದರು. ಇಂಥ ಅಚ್ಚುಕಟ್ಟನ್ನು ಸಮಿತಿಯವರು ಬೇರೆಲ್ಲೂ ಕಂಡಿಲ್ಲವಂತೆ. ಇನ್ನೊಬ್ಬಳ ಅಗತ್ಯವಿಲ್ಲ. ಕಿನ್ನಿಗೆ ನೀಲಿ ಅಂಚಿನ ಬಿಳಿ ಸೀರೆಯೊಂದು ಬಹುಮಾನ. ಇಷ್ಟು ಸಮರ್ಥಳಾದವಳು ಬರೀ ಇಷ್ಟೇ ಮಕ್ಕಳಿಗೆ ಮೀಸಲಾಗುವುದು ನ್ಯಾಯವಲ್ಲವಾದ್ದರಿಂದ, ಪಕ್ಕದ ಗೇರುಬೀಜದ ಕಾರ್ಖಾನೆಯ ಮಕ್ಕಳನ್ನೂ ಸೋಮವಾರದಿಂದ ಇಲ್ಲಿಗೇ ಕಳಿಸುವುದು.

"ಇನ್ನು ಸ್ವಲ್ಪ ಬೆಲ್ಲ ಕೊಡಬೇಕಿತ್ತು," ಎಂದಳು ಜಯ. ಕಿನ್ನಿ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಅದರ ಅಂಚು ಮಡಚುತ್ತಾ ಕುಳಿತಳು.

ಸೋಮವಾರ ಆ ಮಕ್ಕಳೂ ಬಂದವು. ಶೆಡ್ಡಿನಲ್ಲಿ ಕಾಲಿಡಲು ಜಾಗವಿಲ್ಲ. ಜಯ ಮುದ್ದುವನ್ನು ಕಂಬದ ಬುಡದಲ್ಲಿ ಕೂರಿಸಿ, ಸೊಂಟದಿಂದ ಹುರಿಹಗ್ಗ ತೆಗೆದು, ಒಂದು ತುದಿಯನ್ನು ಕಂಬಕ್ಕೆ, ಇನ್ನೊಂದನ್ನು ಮಗುವಿನ ಕಾಲಿಗೆ ಕಟ್ಟಿದಳು. ಕಿನ್ನಿ ಬೈಯುತ್ತಾಳೆಂದು ಅವಳು ಕಾದಳು.

ಕಿನ್ನಿ ಗಂಟನ್ನು ನೋಡಿದಳು. ಬಾಗಿಲ ಕಡೆಗೆ ತೆವಳುತ್ತಿದ್ದ ಉಳಿದವನ್ನೂ ನೋಡಿದಳು.

"ಹಗ್ಗ ಇನ್ನೂ ಉಂಟಾ?" ಎಂದು ಕೇಳಿದಳು.