ಹೊಗೆಗೆ ಹಿಡಿದ ಕಾರ್ಡು

ಹೊಗೆ ಬೆಳ್ಳಗಿತ್ತು. ಶಂಕರ್ ಕಾರ್ಡನ್ನು ಮತ್ತೊಮ್ಮೆ ಆಕಾಶಕ್ಕೆ ಹಿಡಿದ. ತಿಳಿಬೂದಿಯಿಂದ ಕಡುಗಪ್ಪಿನವರೆಗೆ ಸಾಲಾಗಿ ಅಚ್ಚಾದ ಚೌಕಗಳು. ಹೊಗೆ ಕೊನೆಯ ಚೌಕದಷ್ಟು ಕಪ್ಪಾದರೆ ತಮ್ಮಯ್ಯನ ಆಲೆಮನೆಗೆ ಬೀಗ. ಮಾಲಿನ್ಯ ನಿಯಂತ್ರಣದ ಅಧಿಕಾರಿಯಾದವನು ಪಾಂಡವಪುರದ ತಪಾಸಣೆಯನ್ನೇ ಕೇಳಿ ಪಡೆದದ್ದು ಅದಕ್ಕಾಗಿ.

ಅವನ ಅಪ್ಪ ಮರಿಯಯ್ಯ ಇಲ್ಲಿಯೇ ಹಳೆಯ ಟೈರು ತುರುಕಿ ಒಲೆ ಉರಿಸುತ್ತಿದ್ದ. ಕೆಮ್ಮು ಹತ್ತಿದಾಗ, ಬೆಲ್ಲಕ್ಕೆ ಉಗುಳು ಬಿದ್ದೀತೆಂದು ತಮ್ಮಯ್ಯ ಎಲ್ಲರೆದುರು ಹೊರಗಟ್ಟಿದ. ಅಪ್ಪ ಸತ್ತ ಮೇಲೆ, ಮೈಸೂರಿನ ಕಾಲೇಜಿನಲ್ಲಿ ಶಂಕರ್‌ಗೆ ಆ ಸಾವಿನ ಶಬ್ದಗಳು ಸಿಕ್ಕವು: ತೇಲುಕಣ, ಗಂಧಕದ ಅನಿಲ, ಹೊರಸೂಸುವಿಕೆ. ಉಳಿದವರು ಪರೀಕ್ಷೆಗೆಂದು ಉರುಹೊಡೆದದ್ದನ್ನು ಅವನು ಬೈಗುಳದಂತೆ ಬಾಯಿಪಾಠ ಮಾಡಿದ್ದ.

ತಮ್ಮಯ್ಯ ಕುರ್ಚಿ ತರಿಸಿದ. ಚಿಮಣಿ ಎತ್ತರಿಸಿದ್ದನ್ನೂ, ಕಬ್ಬಿನ ಸಿಪ್ಪೆಯನ್ನಷ್ಟೇ ಉರಿಸುವುದನ್ನೂ ವಿವರಿಸಿದ. ದನಿಯಲ್ಲಿ ಭಯವಿತ್ತು, ನೆನಪಿರಲಿಲ್ಲ.

"ತಾವು ಯಾವ ಕಡೆಯೋರು ಸಾ?"

"ಈ ಕಡೆಯೇ."

ತನ್ನನ್ನು ಗುರುತಿಸದವನ ಮೇಲೆ ಹಗೆ ತೀರಿಸಿಕೊಳ್ಳುವುದು ಹೇಗೆ?

ಗುರುತಿಸಿದ್ದು ಒಲೆಯ ಬಾಯಲ್ಲಿ ಕೂತಿದ್ದ ಸೋದರತ್ತೆ ಚಿಕ್ಕಬೋರಮ್ಮ. ಅಣ್ಣನ ಜಾಗಕ್ಕೆ ಅವಳೇ ಬಂದಿದ್ದಳು.

"ನಮ್ಮಣ್ಣನ ಮಗ ಸಂಕ್ರ ಅಲ್ವೇನ್ಲಾ ನೀನು?"

ತಮ್ಮಯ್ಯನ ಭುಜಗಳು ಸಡಿಲವಾದವು.

"ಮರಿಯನ ಮಗನಾ? ಮೊದ್ಲೇ ಯೋಳದಲ್ವಾ. ನಮ್ಮೋನೇ ಕಣ್ಲಾ ನೀನು."

ಕ್ಷಣಾರ್ಧದಲ್ಲಿ ಅಧಿಕಾರ ಮೈಯಿಂದ ಜಾರಿತು. ಶಂಕರ್ ಕಾರ್ಡನ್ನು ಜೇಬಿಗಿಟ್ಟು ಎದ್ದ.

ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿರುವಾಗ ನೆಂಟರನ್ನು ಬರಿಗೈಯಲ್ಲಿ ಕಳಿಸುವ ರೂಢಿ ಆಲೆಮನೆಗಿಲ್ಲ. ಬಿಸಿ ಬೆಲ್ಲ ತಿನ್ನದೆ ಹೋಗಕೂಡದೆಂದು ಅತ್ತೆ ಅಡ್ಡಗಟ್ಟಿದಳು. ಉರಿ ಸಾಲದೆಂದು ಸಿಪ್ಪೆಯ ಗುಡ್ಡೆಗೆ ಕೈಹಾಕಿ, ಬಚ್ಚಿಟ್ಟಿದ್ದ ಟೈರಿನ ತುಂಡುಗಳನ್ನು ಎಳೆದಳು. ಅಧಿಕಾರಿ ಬಂದಾಗ ಅವನ್ನು ಮುಟ್ಟಬೇಡವೆಂದು ತಮ್ಮಯ್ಯ ಹೇಳಿದ್ದಿರಬೇಕು. ಈಗ ಬಂದವನು ಅಣ್ಣನ ಮಗ.

ಒಂದು ಮಾತು ಸಾಕಿತ್ತು, ತಡೆಯಲು. ಶಂಕರ್ ಆಡಲಿಲ್ಲ. ಟೈರು ಒಲೆ ಸೇರುವುದನ್ನು ಹಸಿದವನಂತೆ ನೋಡಿದ.

ಚಿಮಣಿ ಕಪ್ಪು ಕಾರಿತು. ಕಾರ್ಡು ಮೇಲೆದ್ದಿತು. ಕೊನೆಯ ಚೌಕ.

ತಮ್ಮಯ್ಯ ಓಡಿಬಂದ. ಮಾತು ಮತ್ತೆ ಮೊದಲಿನ ದಾರಿ ಹಿಡಿದಿತ್ತು.

"ಈ ಮುದುಕಿ ಮಾಡಿದ್ ತೆಪ್ಪು ಸಾ. ಇವ್ಳ್ನ ಇವತ್ತೇ ಓಡುಸ್ಬುಡ್ತೀನಿ."

ಶಂಕರ್ ತಮ್ಮಯ್ಯನ ಮುಖದಲ್ಲಿ ತಾನು ಇಷ್ಟು ವರ್ಷ ಕಾದ ಭಯವನ್ನು ಹುಡುಕಿದ. ಅದು ಇತ್ತು. ಅದರಿಂದ ಒಳಗೆ ಏನೂ ತಣಿಯಲಿಲ್ಲ.

ಕೊಪ್ಪರಿಗೆಯ ಬಳಿಯಿದ್ದ ಅತ್ತೆಗೆ ಇದಾವುದೂ ಕೇಳಿಸಿರಲಿಲ್ಲ. ಬಾಳೆಲೆಯ ಚೂರಿನಲ್ಲಿ ಬೆಲ್ಲ ಹಿಡಿದು ಬಂದಳು.

"ಆರೋಯ್ತದೆ, ತಿನ್ಲಾ."

ಗಾಳಿ ತಿರುಗಿತು. ಮಸಿಯ ಎಸಳುಗಳು ಒಂದೊಂದಾಗಿ ಇಳಿದು, ಇನ್ನೂ ಮೆತ್ತಗಿದ್ದ ಬೆಲ್ಲದೊಳಕ್ಕೆ ಹೂತುಕೊಳ್ಳತೊಡಗಿದವು. ಅವಳು ಬಗ್ಗಿ ಊದಿದಳು. ಒಂದೂ ಹಾರಲಿಲ್ಲ.